ತೀರ್ಥಹಳ್ಳಿಯಿಂದ ದುಬೈಗೆ: ಒಂದು ಮನೆ ಕೊಂಡ ಲೆಕ್ಕ

2024ರ ಮಾರ್ಚ್ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ದುಬೈಯ ಜುಮೈರಾ ವಿಲೇಜ್ ಸರ್ಕಲ್ ಎಂಬ ಬಡಾವಣೆಯಲ್ಲಿ ಒಂದು ಮಲಗುವ ಕೋಣೆಯ ಫ್ಲಾಟನ್ನು ಜಂಟಿ ಹೆಸರಿನಲ್ಲಿ ಕೊಂಡೆವು. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಐದೆಕರೆ ಅಡಿಕೆ ತೋಟ ಮಾಡಿಕೊಂಡಿರುವ ನಮಗೆ ಮರಳುಗಾಡಿನಲ್ಲಿ ಮನೆ ಯಾಕೆ ಬೇಕಾಗಿತ್ತು ಎಂದು ಊರಿನಲ್ಲಿ ಕೇಳದವರಿಲ್ಲ. ಆ ಪ್ರಶ್ನೆಗೆ ಅಂದು ನಾನು ಕೊಡುತ್ತಿದ್ದ ಉತ್ತರ ಒಂದು, ಇಂದು ಕೊಡುವ ಉತ್ತರ ಇನ್ನೊಂದು. ನಡುವೆ ನಡೆದದ್ದನ್ನು, ವಿಶೇಷವಾಗಿ ಹಣ ಕಳಿಸಿದ ಮತ್ತು ಬಾಡಿಗೆ ಎಣಿಸಿದ ಭಾಗವನ್ನು, ಇದೇ ದಾರಿಯಲ್ಲಿ ಹೊರಟವರಿಗೆ ಉಪಯೋಗವಾದೀತೆಂದು ಬರೆದಿಡುತ್ತಿದ್ದೇನೆ.

ಮಗಳೂ ಅಳಿಯನೂ ಎಂಟು ವರ್ಷಗಳಿಂದ ಶಾರ್ಜಾದಲ್ಲಿದ್ದಾರೆ. ಅವರು ಊರಿಗೆ ಮರಳುವ ಲಕ್ಷಣ ನಮಗೆ ಕಾಣುತ್ತಿಲ್ಲ. ಇತ್ತ ತೋಟಕ್ಕೆ ಕೊಳೆರೋಗದ ಜೊತೆಗೆ ಎಲೆಚುಕ್ಕೆ ರೋಗವೂ ಸೇರಿಕೊಂಡಿತು, ಮರ ಹತ್ತುವ ಕೊನೆಗಾರರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು, ನನಗೆ 58 ತುಂಬಿತು. ಶಿವಮೊಗ್ಗದ ವಿನೋಬನಗರದಲ್ಲಿ ಮಗಳ ಓದಿಗೆಂದು 1998ರಲ್ಲಿ ಕೊಂಡಿದ್ದ ಮನೆ ಹೆಚ್ಚುಕಡಿಮೆ ಬೀಗ ಹಾಕಿಕೊಂಡೇ ಇತ್ತು. ಅದನ್ನು ಮಾರಿ ದುಬೈಯಲ್ಲಿ ಒಂದು ಮನೆ ಕೊಳ್ಳುವುದು, ನಾವು ಹೋದಾಗ ಅದರಲ್ಲಿ ಉಳಿಯುವುದು, ಉಳಿದ ದಿನಗಳಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಬಿಡುವುದು, ಮಂಡಿ ಸೋತ ಕಾಲಕ್ಕೆ ಅಲ್ಲೇ ನೆಲೆಸುವುದು ಎಂದು ನಾವು ಯೋಚಿಸಿದ್ದೆವು. ಕಾಗದದ ಮೇಲೆ ಬರೆದರೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಮೊದಲು ನಮ್ಮನ್ನು ಸೆಳೆದದ್ದು ಇನ್ನೂ ಕಟ್ಟದ ಮನೆಗಳು. ಬೆಂಗಳೂರಿನ ಹೋಟೆಲೊಂದರಲ್ಲಿ ನಡೆದ ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಪುಟ್ಟ ಕಟ್ಟಡಗಳನ್ನಿಟ್ಟು, ತಿಂಗಳಿಗೆ ಬೆಲೆಯ ಶೇ. 1ರಂತೆ ಕಟ್ಟಿಕೊಂಡು ಹೋದರೆ ಸಾಕು, ಕೀಲಿಕೈ ಸಿಕ್ಕ ಮೇಲೂ ಕಂತು ಮುಂದುವರಿಯುತ್ತದೆ ಎಂದು ಆಸೆ ಹುಟ್ಟಿಸಿದರು. ಕಟ್ಟುವ ಮನೆಗೆ ಕೊಟ್ಟ ಹಣ, ಕಟ್ಟಿಸುವವರು ಇಷ್ಟ ಬಂದಂತೆ ಮುಟ್ಟಲಾಗದ ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲಿರಬೇಕೆಂದು ದುಬೈಯಲ್ಲಿ 2007ರಿಂದಲೇ ಕಾನೂನಿದೆ, ಆದ್ದರಿಂದ ಹಣ ಮುಳುಗುವ ಭಯ ನನಗಿರಲಿಲ್ಲ. ತಡೆದವರು ಶಿವಮೊಗ್ಗದ ನಮ್ಮ ಆಡಿಟರು. ಕೀಲಿಕೈ ಪಡೆದ ಮೇಲೂ ಬಾಕಿ ಉಳಿಸಿಕೊಳ್ಳುವುದೆಂದರೆ ಹೊರದೇಶದಲ್ಲಿ ಸಾಲ ಮಾಡಿದ ಹಾಗೆ, ವಿದೇಶಿ ವಿನಿಮಯದ ಕಾನೂನಿಗೆ ಅದು ಒಗ್ಗೀತೆಂದು ನಾನು ಹೇಳಲಾರೆ, ಪೂರ್ತಿ ದುಡ್ಡು ಕೊಟ್ಟು ಸಿದ್ಧವಿರುವ ಮನೆಯನ್ನೇ ಕೊಳ್ಳಿ ಎಂದರು. ಅವರ ಮಾತು ಕೇಳಿದ್ದರಿಂದ ನಮ್ಮ ಆಯ್ಕೆ ಚಿಕ್ಕದಾಯಿತು, ನಿದ್ದೆ ಮಾತ್ರ ಕೆಡಲಿಲ್ಲ.

ಭಾರತದಲ್ಲಿ ವಾಸಿಸುವವರು ಹೊರದೇಶದಲ್ಲಿ ಮನೆ ಕೊಳ್ಳಲು ರಿಸರ್ವ್ ಬ್ಯಾಂಕು ತೆರೆದಿಟ್ಟಿರುವ ಮುಖ್ಯ ದಾರಿ ‘ಉದಾರೀಕೃತ ಹಣ ರವಾನೆ’, ಅಂದರೆ ಎಲ್‌ಆರ್‌ಎಸ್ ಎಂಬ ಯೋಜನೆ. 2004ರಲ್ಲಿ 25,000 ಡಾಲರಿನಿಂದ ಆರಂಭವಾದ ಇದರ ಮಿತಿ ಈಗ ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2,50,000 ಡಾಲರ್. ಒಂದು ಡಾಲರಿಗೆ ಅಲ್ಲಿನ ನಾಣ್ಯದಲ್ಲಿ 3.6725 ದಿರ್ಹಮ್ ಎಂದು ದರ ಕಟ್ಟಿಹಾಕಿರುವುದರಿಂದ ಲೆಕ್ಕ ಸುಲಭ: ಒಬ್ಬರಿಗೆ 9,18,125 ದಿರ್ಹಮ್. ನಾವು ಒಪ್ಪಿದ ಬೆಲೆ 8,20,000 ದಿರ್ಹಮ್. ಭೂ ಇಲಾಖೆಯ ಶೇ. 4 ಶುಲ್ಕ, ದಲ್ಲಾಳಿಗೆ ಶೇ. 2 ಮತ್ತು ಅದರ ಮೇಲಿನ ತೆರಿಗೆ, ಇತರ ಸಣ್ಣಪುಟ್ಟ ಖರ್ಚು ಎಲ್ಲ ಸೇರಿ 8,75,000ಕ್ಕೆ ನಿಂತಿತು, ಅಂದರೆ ಅಂದಿನ ದರದಲ್ಲಿ ಸುಮಾರು 2 ಕೋಟಿ ರೂಪಾಯಿ. ಮಿತಿಯ ದೃಷ್ಟಿಯಿಂದ ಒಬ್ಬರ ಹೆಸರೇ ಸಾಕಿತ್ತಾದರೂ ಇಬ್ಬರೂ ಮಾಲೀಕರಾಗಿ, ಇಬ್ಬರೂ ಅರ್ಧರ್ಧ ಕಳಿಸಿದೆವು. ಇದಕ್ಕೆ ಬ್ಯಾಂಕು ಸಾಲ ಕೊಡುವಂತಿಲ್ಲ. ಹಣ ನಮ್ಮದೇ ಆಗಿರಬೇಕು, ಎಲ್ಲಿಂದ ಬಂತೆಂಬುದಕ್ಕೆ ಕಾಗದವಿರಬೇಕು.

ನಮ್ಮನ್ನು ನಿಜವಾಗಿ ಸುಸ್ತು ಮಾಡಿದ್ದು ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ. 2023ರ ಅಕ್ಟೋಬರ್ 1ರಿಂದ ಹೀಗೆ ಕಳಿಸುವ ಹಣದಲ್ಲಿ 7 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಶೇ. 20ನ್ನು ಬ್ಯಾಂಕು ಮುಂಗಡವಾಗಿ ವಸೂಲು ಮಾಡಿ ತೆರಿಗೆ ಇಲಾಖೆಗೆ ಕಟ್ಟುತ್ತದೆ. (2025ರ ಏಪ್ರಿಲಿನಿಂದ ಆ 7 ಲಕ್ಷ 10 ಲಕ್ಷವಾಯಿತು, ನಮಗೆ ಆ ಭಾಗ್ಯವಿರಲಿಲ್ಲ.) ತಲಾ 1 ಕೋಟಿ ಕಳಿಸಿದ ನಮಗೆ ತಲಾ 18.6 ಲಕ್ಷ, ಒಟ್ಟು 37.2 ಲಕ್ಷ ರೂಪಾಯಿಯನ್ನು ಕಳಿಸುವ ಹಣದ ಮೇಲೆ ಬೇರೆಯಾಗಿ ತೆಗೆದಿಡಬೇಕಾಯಿತು. ಇದು ಹೋದ ಹಣವಲ್ಲ, ನಮ್ಮ ತೆರಿಗೆಗೆ ಜಮೆಯಾಗಿ ಮಿಕ್ಕದ್ದು ಮರಳುತ್ತದೆ ಎಂಬುದು ಸರಿ. ಆದರೆ ಕಳಿಸುವ ದಿನ ಅದು ಕೈಯಲ್ಲಿರಬೇಕಲ್ಲ! ಮನೆ ಮಾರಿದ 1.55 ಕೋಟಿ, ಠೇವಣಿಯ 60 ಲಕ್ಷ ಸೇರಿಸಿದರೂ 22 ಲಕ್ಷ ಕಡಿಮೆ ಬಿತ್ತು. ದರ ಏರಲಿ ಎಂದು ಎರಡು ವರ್ಷದಿಂದ ಅಟ್ಟದ ಮೇಲೆ ಕಾಪಾಡಿಕೊಂಡಿದ್ದ 45 ಕ್ವಿಂಟಲ್ ‘ರಾಶಿ’ ದರ್ಜೆಯ ಅಡಿಕೆಯನ್ನು ಕ್ವಿಂಟಲಿಗೆ 48,000ದ ಆಸುಪಾಸಿನಲ್ಲಿ ಕೊಟ್ಟು ಆ ಕೊರತೆ ತುಂಬಿದೆ. ಮೂಟೆಗಳು ಲಾರಿಗೇರಿದ ದಿನ ನನ್ನ ಹೆಂಡತಿ ಖಾಲಿ ಅಟ್ಟವನ್ನು ಗುಡಿಸುತ್ತ, “ದುಬೈ ಮನೆಯ ಮೊದಲ ಕೋಣೆ ಖಾಲಿಯಾಯ್ತು ನೋಡಿ” ಎಂದಳು.

ಇನ್ನೊಂದು ಕಡೆ ನಾವು ಎಡವಿದ್ದು ನಮ್ಮ ಅಜ್ಞಾನದಿಂದ. ಹಳೆಯ ಮನೆ ಮಾರಿ ಹೊಸ ಮನೆ ಕೊಂಡರೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ ಎಂದು ಕಟ್ಟೆಯ ಮೇಲೆ ಕೂತವರಿಗೂ ಗೊತ್ತು, ನನಗೂ ಗೊತ್ತಿತ್ತು. 1961ರ ಆದಾಯ ತೆರಿಗೆ ಕಾಯ್ದೆಯ 54ನೇ ಕಲಮಿನ ಆ ವಿನಾಯಿತಿ ಹೊಸ ಮನೆ ಭಾರತದಲ್ಲಿದ್ದರೆ ಮಾತ್ರ ಎಂಬುದು 2014ರ ತಿದ್ದುಪಡಿಯಲ್ಲೇ ಸ್ಪಷ್ಟವಾಗಿದೆ ಎಂದು ಆಡಿಟರು ತೋರಿಸಿದಾಗ ವಿನೋಬನಗರದ ಮನೆಯ ಕ್ರಯಪತ್ರ ಆಗಿಹೋಗಿತ್ತು. ಹೀಗೆ ಸುಮಾರು 24 ಲಕ್ಷದ ತೆರಿಗೆ ತಲೆಗೆ ಬಂತು. ಸಮಾಧಾನವೆಂದರೆ, ಎರಡೂ ಒಂದೇ ಆರ್ಥಿಕ ವರ್ಷದಲ್ಲಿ ನಡೆದದ್ದರಿಂದ ಟಿಸಿಎಸ್ ಹಣದಲ್ಲೇ ಈ ತೆರಿಗೆಯನ್ನು ವಜಾ ಹಾಕಿಕೊಂಡು, ಉಳಿದ 13 ಲಕ್ಷವನ್ನು ಮರಳಿ ಪಡೆಯಲು ಸಾಧ್ಯವಾಯಿತು. ಮನೆ ಮಾರುವುದು ಮಾರ್ಚಿನಲ್ಲಿ, ಹಣ ಕಳಿಸುವುದು ಏಪ್ರಿಲಿನಲ್ಲಿ ಎಂದು ಬೇರೆ ಬೇರೆ ವರ್ಷಗಳಿಗೆ ಹಂಚಿಹೋಗಿದ್ದರೆ ಮಾರ್ಚಿನಲ್ಲೇ ತೆರಿಗೆಯನ್ನೂ ಬೇರೆ ಹಣದಲ್ಲಿ ಕಟ್ಟಿ, ಟಿಸಿಎಸ್ ಮರಳಲು ಇನ್ನೊಂದು ವರ್ಷ ಕಾಯಬೇಕಾಗುತ್ತಿತ್ತು.

ಬ್ಯಾಂಕಿನ ಶಾಖೆಯ ಕೆಲಸ ಒಂದು ದಿನದ್ದೆಂದು ಹೋದೆ, ಹನ್ನೊಂದು ದಿನ ಹಿಡಿಯಿತು. ಹೊರದೇಶಕ್ಕೆ ಹಣ ಕಳಿಸಲು ತುಂಬುವ ಎ2 ನಮೂನೆಯಲ್ಲಿ ಹಣ ಯಾತಕ್ಕೆ ಹೋಗುತ್ತಿದೆ ಎಂಬುದಕ್ಕೆ ಒಂದು ಸಂಕೇತ ಸಂಖ್ಯೆ ಹಾಕಬೇಕು. ಹೊರದೇಶದಲ್ಲಿ ಸ್ಥಿರಾಸ್ತಿ ಕೊಳ್ಳುವುದಕ್ಕೆ ಇರುವ ಸಂಖ್ಯೆ ಬೇರೆ, ಅಲ್ಲಿರುವ ಬಂಧುಗಳ ಜೀವನ ನಿರ್ವಹಣೆಗೆ ಕಳಿಸುವುದಕ್ಕೆ ಇರುವುದು ಬೇರೆ. ನಮ್ಮ ಶಾಖೆಯವರು ಅದುವರೆಗೆ ಕಂಡಿದ್ದು ಎರಡನೆಯದನ್ನೇ. ಮಗಳು ಅಲ್ಲಿದ್ದಾಳೆಂದು ತಿಳಿದೊಡನೆ ಅಭ್ಯಾಸಬಲದಿಂದ ಅದನ್ನೇ ಬರೆದುಬಿಟ್ಟಿದ್ದರು. ಸಹಿ ಹಾಕುವ ಮುನ್ನ ಕಣ್ಣಿಗೆ ಬಿದ್ದದ್ದರಿಂದ ತಿದ್ದಿಸಿದೆ. ಹಣ ಹೋದ ಮೇಲೆ ತಿಳಿದಿದ್ದರೆ ಮುಂದೆ ಆ ಮನೆ ಮಾರಿ ಹಣ ತರುವಾಗ ಕೇಳುವವರಿಗೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. ಮಗಳ ಖಾತೆಗೇ ಕಳಿಸಿ ಅವಳ ಮೂಲಕ ಕೊಂಡರಾಗದೇ ಎಂದು ಹಲವರು ಕೇಳಿದರು. ಆಗ ಮನೆ ಅವಳದಾಗುತ್ತದೆ, ನಮ್ಮದಾಗುವುದಿಲ್ಲ. ಮಕ್ಕಳ ಮೇಲೆ ಭಾರವಾಗಬಾರದೆಂದೇ ತಾನೇ ಈ ಸಾಹಸಕ್ಕೆ ಇಳಿದದ್ದು.

ಜನವರಿಯಲ್ಲಿ ಮಂಗಳೂರಿನಿಂದ ಹೋಗಿ ಮನೆ ನೋಡಿ, ಅಲ್ಲಿನ ಬ್ಯಾಂಕಿನಲ್ಲಿ ಖಾತೆ ತೆರೆದು, ಮಾರುವವರ ಜೊತೆ ‘ಫಾರ್ಮ್ ಎಫ್’ ಎಂಬ ಕರಾರಿಗೆ ಸಹಿ ಹಾಕಿ, ಬೆಲೆಯ ಶೇ. 10ರ ಚೆಕ್ಕನ್ನು ದಲ್ಲಾಳಿಯ ಬಳಿ ಇಟ್ಟು ಬಂದಿದ್ದೆವು. ನೋಂದಣಿಗೆ ಇಬ್ಬರೂ ಹೋಗುವ ಹೊತ್ತಿಗೆ ನಮ್ಮ ಅತ್ತೆ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡರು. ಹೆಂಡತಿ ಉಳಿಯಲೇಬೇಕಾಯಿತು, ಅವಳ ಪರವಾಗಿ ಸಹಿ ಹಾಕಲು ನನಗೆ ಅಧಿಕಾರಪತ್ರ ಬೇಕಾಯಿತು. ಹೊರದೇಶದ ದಾಖಲೆಗೆ ಒಂದೇ ದೃಢೀಕರಣ ಸಾಕೆನ್ನುವ ಅಪಾಸ್ಟಿಲ್ ಒಪ್ಪಂದಕ್ಕೆ ಸಂಯುಕ್ತ ಅರಬ್ ಸಂಸ್ಥಾನ ಸೇರದ ಕಾರಣ ಒಂದೇ ಮುದ್ರೆಯಲ್ಲಿ ಇದು ಮುಗಿಯುವುದಿಲ್ಲ: ಶಿವಮೊಗ್ಗದಲ್ಲಿ ನೋಟರಿ, ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯ, ಆಮೇಲೆ ಅವರ ರಾಯಭಾರ ಕಚೇರಿ, ಕೊನೆಗೆ ದುಬೈಯಲ್ಲಿ ಅವರ ವಿದೇಶಾಂಗ ಇಲಾಖೆ ಮತ್ತು ಅರಬ್ಬಿ ಅನುವಾದ. ಮೂರು ವಾರ ತಿರುಗಿದ ಆ ಛಾಪಾ ಕಾಗದದ ಹಿಂಬದಿಯಲ್ಲಿ ಮುದ್ರೆ ಒತ್ತಲು ಜಾಗವೇ ಉಳಿದಿರಲಿಲ್ಲ.

ಇಷ್ಟಾದ ಮೇಲೆ ನೋಂದಣಿಯ ದಿನವೇ ಅತ್ಯಂತ ಹಗುರವಾಗಿತ್ತು. ಮಾರುವವರು ನಿರ್ವಹಣಾ ಶುಲ್ಕ ಬಾಕಿ ಇಟ್ಟಿಲ್ಲವೆಂಬ ನಿರಾಕ್ಷೇಪಣಾ ಪತ್ರವನ್ನು ಕಟ್ಟಿಸಿದ ಕಂಪನಿಯಿಂದ ಮೊದಲೇ ತಂದಿದ್ದರು. ಭೂ ಇಲಾಖೆ ಮಾನ್ಯ ಮಾಡಿದ ನೋಂದಣಿ ಕಚೇರಿಯಲ್ಲಿ ನಾನು ಬ್ಯಾಂಕಿನ ಚೆಕ್ ಮುಂದಿಟ್ಟೆ, ಅವರು ಕೀಲಿಕೈ ಮುಂದಿಟ್ಟರು, ನಲವತ್ತು ನಿಮಿಷದಲ್ಲಿ ಒಂದೇ ಹಾಳೆಯ ಹಕ್ಕುಪತ್ರ ಬಂತು. ಮೂವತ್ತು ವರ್ಷದ ಋಣಭಾರ ಪತ್ರ, ಪಹಣಿ, ಮ್ಯುಟೇಶನ್, ಅಣ್ಣತಮ್ಮಂದಿರ ಒಪ್ಪಿಗೆ ಎಂದು ಕಡತ ಹೊತ್ತು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ ಆ ಒಂದು ಹಾಳೆಯನ್ನು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಊರಿಗೆ ಬಂದು ತೋರಿಸಿದಾಗ ಅತ್ತೆ ಮಲಗಿದ್ದಲ್ಲಿಂದಲೇ, “ಅಳಿಯಂದ್ರೇ, ಅಲ್ಲಿ ಗೇಣಿ ಕಾನೂನು ಇಲ್ಲವಷ್ಟೆ?” ಎಂದು ಕೇಳಿದರು. ಅವರ ತವರು ಸಾಗರದ ಕಡೆ. 1951ರ ಗೇಣಿದಾರರ ಕಾಗೋಡು ಸತ್ಯಾಗ್ರಹವನ್ನು ಮನೆಯವರ ಬಾಯಲ್ಲಿ ಕೇಳಿಕೊಂಡೇ ಬೆಳೆದವರು, 1974ರ ಭೂಸುಧಾರಣೆಯಲ್ಲಿ ತವರಿನ ಗೇಣಿ ಗದ್ದೆ ಉಳುವವರ ಪಾಲಾದದ್ದನ್ನು ಕಣ್ಣಾರೆ ಕಂಡವರು. ಅದು ನ್ಯಾಯವೇ ಆಗಿತ್ತೆಂದು ನಾನು ಬಲ್ಲೆ, ಅವರೂ ಒಪ್ಪುತ್ತಾರೆ; ಆದರೂ ಪರರಿಗೆ ಬಿಟ್ಟ ಆಸ್ತಿ ಎಂದರೆ ಆ ತಲೆಮಾರಿಗೆ ಒಂದು ಅಳುಕು. ನಾನು ನಕ್ಕುಬಿಟ್ಟೆ. ಆ ಪ್ರಶ್ನೆ ಅಷ್ಟು ನಗುವಂಥದ್ದಲ್ಲವೆಂದು ಆಮೇಲೆ ತಿಳಿಯಿತು.

ಮನೆ ನಮ್ಮದಾಗಿ ಒಂದು ತಿಂಗಳಾಗಿತ್ತಷ್ಟೆ. ಏಪ್ರಿಲ್ 16ರಂದು ಆ ದೇಶದಲ್ಲಿ ದಾಖಲೆ ಇಡಲು ಆರಂಭಿಸಿದ 75 ವರ್ಷಗಳಲ್ಲೇ ಬಾರದಂಥ ಮಳೆ ಬಂತು. ಅಲ್ ಐನ್ ಪ್ರದೇಶದ ಒಂದು ಕಡೆ ದಿನವೊಂದಕ್ಕೆ 254 ಮಿಲಿಮೀಟರ್. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಪಕ್ಕದಲ್ಲಿ ಕುಳಿತ ನನಗೆ, ಇದು ನಮ್ಮ ಆಷಾಢದ ಒಂದು ಗಟ್ಟಿ ದಿನ ಅಷ್ಟೇ ಎನಿಸಿತ್ತು. ಸಂಜೆ ಮಗಳು ಫೋನ್ ಮಾಡಿ, “ಅಪ್ಪಯ್ಯ, ನಮ್ಮ ರಸ್ತೆಯಲ್ಲಿ ಕಾರುಗಳು ತೇಲ್ತಾ ಇವೆ” ಎಂದಳು. ನಮ್ಮ ಫ್ಲಾಟ್ ಆರನೆಯ ಮಹಡಿಯದ್ದಾದರೂ ಬಾಲ್ಕನಿಯ ಬಾಗಿಲ ಸಂದಿನಿಂದ ನೀರು ಒಳಬಂದು ಮರದ ನೆಲಹಾಸು ಉಬ್ಬಿತು. ಮಳೆ ಗೊತ್ತಿಲ್ಲದ ಊರಿನ ಬಾಲ್ಕನಿಗೆ ನೀರು ಹೊರಗೆ ಹರಿಯುವ ಓಟವನ್ನೇ ಸರಿಯಾಗಿ ಕೊಟ್ಟಿರಲಿಲ್ಲ. ಮನೆ ನೋಡಲು ಹೋದಾಗ ಗೋಡೆ, ನಲ್ಲಿ, ಲಿಫ್ಟು ಎಲ್ಲ ನೋಡಿದ್ದೆ. ಮಲೆನಾಡಿನವನಾಗಿ ಮೊದಲು ನೋಡಬೇಕಾದದ್ದನ್ನೇ ನೋಡಿರಲಿಲ್ಲ.

ದಿನಬಾಡಿಗೆಗೆ ಬಿಡುವ ಮನೆಗೆ ಅಲ್ಲಿ ‘ಹಾಲಿಡೇ ಹೋಮ್’ ಎಂದೇ ಅಧಿಕೃತ ಹೆಸರು. ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಬೇಕು, ಬಂದವರ ಪಾಸ್‌ಪೋರ್ಟ್ ವಿವರ ದಾಖಲಿಸಬೇಕು, ಮನೆಯ ದರ್ಜೆಗೆ ತಕ್ಕಂತೆ ಕೋಣೆಗೆ ರಾತ್ರಿಗೆ 10 ಅಥವಾ 15 ದಿರ್ಹಮ್ ಪ್ರವಾಸಿ ಶುಲ್ಕವನ್ನು ಅತಿಥಿಗಳಿಂದ ಪಡೆದು ಕಟ್ಟಬೇಕು. ಇಲ್ಲಿ ಕೂತು ಇದನ್ನು ಮಾಡಲಾಗದೆಂದು ಶೇ. 20ರ ಕಮಿಷನ್ನಿಗೆ ಒಂದು ನಿರ್ವಹಣಾ ಕಂಪನಿಗೆ ಒಪ್ಪಿಸಿದೆವು. ಮೊದಲ ವರ್ಷ, ಅಂದರೆ 2024ರ ಮೇ ತಿಂಗಳಿನಿಂದ ಹನ್ನೆರಡು ತಿಂಗಳು, ಬಂದ ಬಾಡಿಗೆ 71,000 ದಿರ್ಹಮ್. ಕಮಿಷನ್ 14,200, ವಿದ್ಯುತ್ತು, ನೀರು, ಇಂಟರ್ನೆಟ್ 9,500, ಕಟ್ಟಡದ ನಿರ್ವಹಣಾ ಶುಲ್ಕ 10,800 ಕಳೆದರೆ ಕೈಗೆ ಉಳಿದದ್ದು 36,500. ಹಾಕಿದ ಹಣಕ್ಕೆ ಶೇ. 4ಕ್ಕಿಂತ ಸ್ವಲ್ಪ ಹೆಚ್ಚು. ಮುರಿಸಿದ ಠೇವಣಿ ಶೇ. 7ರ ಆಸುಪಾಸು ಕೊಡುತ್ತಿತ್ತು. ಮಂಚ, ಸೋಫಾ, ಪಾತ್ರೆಗಳಿಗೆ ಸುರಿದದ್ದು ಈ ಲೆಕ್ಕದಲ್ಲಿಲ್ಲ.

ಹಣಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ಪಂಚಾಂಗ. ಆ 71,000ದಲ್ಲಿ ಮೂರನೆಯ ಎರಡು ಪಾಲು ಬಂದದ್ದು ನವೆಂಬರಿನಿಂದ ಮಾರ್ಚಿನ ಒಳಗೆ. ಅಲ್ಲಿ ಮನುಷ್ಯರು ಹೊರಗೆ ಓಡಾಡಬಹುದಾದ ತಿಂಗಳುಗಳೂ ಅವೇ, ನಮ್ಮ ತೋಟದಲ್ಲಿ ಅಡಿಕೆ ಕೊನೆ ಇಳಿಸಿ, ಸುಲಿಸಿ, ಬೇಯಿಸಿ, ಒಣಗಿಸುವ ತಿಂಗಳುಗಳೂ ಅವೇ. ಡಿಸೆಂಬರಿನ ಕೊನೆಯಲ್ಲಿ ಹೇಗೋ ಬಿಡುವು ಮಾಡಿಕೊಂಡು ಮೂರು ವಾರ ಹೋಗುವುದೆಂದು ತಿಳಿಸಿದಾಗ, ಹೊಸ ವರ್ಷದ ಆ ದಿನಗಳಲ್ಲಿ ನಿಮ್ಮ ಮನೆಗೆ ರಾತ್ರಿಗೆ 600 ದಿರ್ಹಮ್ ಸಿಗುತ್ತದೆ, ಆಮೇಲೆ ನಿಮ್ಮ ಇಷ್ಟ ಎಂದು ಕಂಪನಿಯವರು ವಿನಯದಿಂದಲೇ ಬರೆದರು. ನಮ್ಮದೇ ಮನೆಯಲ್ಲಿ ಮಲಗಲು ರಾತ್ರಿಗೆ 13,000 ರೂಪಾಯಿಗೂ ಹೆಚ್ಚು ಎಂದು ಲೆಕ್ಕ ಹಾಕಿದ ಮೇಲೆ ಯಾರಿಗೆ ನಿದ್ದೆ ಬರುತ್ತದೆ? ಹೋಗಲಿಲ್ಲ. ಅದಕ್ಕೂ ಮೊದಲು ಆಗಸ್ಟಿನಲ್ಲಿ, ಕೊಳೆಗೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಸಿ, ಮಳೆಯಿಂದ ತಪ್ಪಿಸಿಕೊಂಡು ಹದಿನೈದು ದಿನ ಅಲ್ಲಿದ್ದು ಬಂದಿದ್ದೆವು. ಹೊರಗೆ 44 ಡಿಗ್ರಿ. ಹದಿನೈದು ದಿನವೂ ಕಿಟಕಿ ತೆರೆಯಲಿಲ್ಲ. ಮಳೆಗಾಲದಲ್ಲಿ ಇಲ್ಲಿ ಮನೆಯೊಳಗೆ ಕೂರುವುದು, ಅಲ್ಲಿ ಹೋಗಿಯೂ ಮನೆಯೊಳಗೆ ಕೂರುವುದು. ಕೊಳ್ಳುವ ಮುನ್ನ ಬೆಲೆ, ಶುಲ್ಕ, ತೆರಿಗೆ ಎಂದು ಹತ್ತು ಹಾಳೆ ಲೆಕ್ಕ ಬರೆದವನು ತಿಂಗಳುಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ನೋಡಿರಲಿಲ್ಲ.

2025ರ ಮೇ ತಿಂಗಳಲ್ಲಿ ದಿನಬಾಡಿಗೆಯನ್ನು ಬಿಟ್ಟು ವರ್ಷದ ಬಾಡಿಗೆಗೆ ಕೊಟ್ಟೆವು. ವರ್ಷಕ್ಕೆ 64,000, ಮುಂದಿನ ದಿನಾಂಕ ಹಾಕಿದ ನಾಲ್ಕು ಚೆಕ್ಕುಗಳಲ್ಲಿ. ಖರ್ಚು ಕಳೆದು 51,000 ಉಳಿಯುತ್ತದೆ, ಯಾರೊಡನೆಯೂ ಪತ್ರ ವ್ಯವಹಾರವಿಲ್ಲ. ಈ ಬಾಡಿಗೆ ಕರಾರನ್ನು ನೋಂದಾಯಿಸುವ ವ್ಯವಸ್ಥೆಗೆ ಅಲ್ಲಿ ‘ಇಜಾರಿ’ ಎನ್ನುತ್ತಾರೆ; ನಮ್ಮ ಹಳೆಯ ಕಂದಾಯ ಕಾಗದಗಳಲ್ಲಿ ಬರುವ ಇಜಾರೆಯೂ ಅದೇ ಅರಬ್ಬಿ ಬೇರಿನದು. ಅತ್ತೆಯ ಪ್ರಶ್ನೆ ನೆನಪಾದದ್ದು ಈ ಕರಾರನ್ನು ಓದುವಾಗ. ದುಬೈಯ ಬಾಡಿಗೆ ಕಾನೂನಿನ ಪ್ರಕಾರ, ಮಾಲೀಕ ತಾನೇ ವಾಸಿಸಬೇಕೆಂದರೂ ಬಾಡಿಗೆದಾರನಿಗೆ ನೋಟರಿಯ ಮೂಲಕವೋ ನೋಂದಾಯಿತ ಅಂಚೆಯಲ್ಲೋ 12 ತಿಂಗಳ ನೋಟಿಸು ಕೊಡಬೇಕು, ಹಾಗೆ ಬಿಡಿಸಿಕೊಂಡ ಮನೆಯನ್ನು ಎರಡು ವರ್ಷ ಬೇರೆಯವರಿಗೆ ಬಾಡಿಗೆಗೆ ಕೊಡುವಂತಿಲ್ಲ. ಮನೆ ಅವರದಾಗುವುದಿಲ್ಲ ನಿಜ. ಆದರೆ ನಾಳೆ ಮಂಡಿ ಸೋತರೆ ನಾಳೆಯೇ ಹೋಗಿ ಇರುವಂತಿಲ್ಲ.

ನೆಲೆಸುವ ವಿಚಾರ ಹೀಗೆ ಹಿಂದೆ ಸರಿದಿದೆಯೇ ಹೊರತು ಬಿಟ್ಟುಹೋಗಿಲ್ಲ. ನಾವು ಕೊಂಡಾಗ 7,50,000 ದಿರ್ಹಮ್ ಮೇಲ್ಪಟ್ಟ ಆಸ್ತಿಗೆ ಎರಡು ವರ್ಷದ ವೀಸಾ, 20 ಲಕ್ಷದ್ದಕ್ಕೆ ಹತ್ತು ವರ್ಷದ ಗೋಲ್ಡನ್ ವೀಸಾ ಇತ್ತು. ಮೊದಲನೆಯದು ನಮಗೆ ಸಿಗುತ್ತದೆ, ಆದರೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ರದ್ದಾಗುವಂಥದ್ದಾದ್ದರಿಂದ ತೋಟ ಇರುವವರೆಗೆ ಅದನ್ನು ಮಾಡಿಸುವುದಿಲ್ಲ. ಮುಂದೆ ಅನಿವಾಸಿಗಳಾದರೂ ಇಲ್ಲಿದ್ದಾಗ ಪಡೆದ ತೋಟವನ್ನು ಉಳಿಸಿಕೊಳ್ಳಲು ಅಡ್ಡಿಯಿಲ್ಲವೆಂದು ಆಡಿಟರು ಹೇಳಿದ್ದಾರೆ. ಅಲ್ಲಿಯವರೆಗೆ ನಮ್ಮ ಪಾಲಿಗೆ ಇರುವುದು ಆದಾಯ ತೆರಿಗೆಯ ರಿಟರ್ನ್. ಅಲ್ಲಿ ಬಾಡಿಗೆಗೆ ಆದಾಯ ತೆರಿಗೆಯಿಲ್ಲ, ಇಲ್ಲಿ ಇದೆ. ಬಾಡಿಗೆ ಬರಲಿ ಬಿಡಲಿ, ವಿದೇಶಿ ಆಸ್ತಿಯ ಅನುಸೂಚಿಯಲ್ಲಿ ಆ ಮನೆಯನ್ನು ಪ್ರತಿವರ್ಷ ತೋರಿಸಬೇಕು. ಮರೆತರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ದಂಡ ಬೀಳಬಹುದು. ಆ ಅನುಸೂಚಿಗೆ ಏಪ್ರಿಲಿನಿಂದ ಮಾರ್ಚಲ್ಲ, ಜನವರಿಯಿಂದ ಡಿಸೆಂಬರಿನ ಲೆಕ್ಕ ಎಂಬುದನ್ನು ಮಾತ್ರ ನಾನು ಪ್ರತಿಸಲವೂ ಮರೆತು ಕೇಳುತ್ತೇನೆ.

ಹೋದ ನವೆಂಬರಿನಲ್ಲಿ ಕೊಯ್ಲಿನ ನಡುವೆಯೇ ಎಂಟು ದಿನ ಹೋಗಿಬಂದೆವು, ಮೊಮ್ಮಗನ ನಾಮಕರಣಕ್ಕೆ. ಉಳಿದದ್ದು ಶಾರ್ಜಾದಲ್ಲಿ ಮಗಳ ಮನೆಯಲ್ಲೇ. ಒಂದು ಸಂಜೆ ಅಳಿಯ ನಮ್ಮನ್ನು ಜುಮೈರಾದ ಕಟ್ಟಡದ ಎದುರು ಕರೆದುಕೊಂಡು ಹೋಗಿ ಕಾರು ನಿಲ್ಲಿಸಿದ. ಆರನೆಯ ಮಹಡಿಯ ಬಾಲ್ಕನಿಯಲ್ಲಿ ದೀಪ ಉರಿಯುತ್ತಿತ್ತು, ಹಗ್ಗ ಕಟ್ಟಿ ಮಕ್ಕಳ ಬಟ್ಟೆ ಒಣಹಾಕಿದ್ದರು. ಹಾಗೆ ಹಾಕಬಾರದೆಂದು ಅಲ್ಲಿನ ನಗರಾಡಳಿತ ಹೇಳುತ್ತಲೇ ಇರುತ್ತದೆ; ದಂಡ ಬಿದ್ದರೆ ಯಾರು ಕಟ್ಟುವುದು ಎಂದು ನಾನು ಕೇಳಿದೆ. ನನ್ನ ಹೆಂಡತಿ ಅದಕ್ಕೆ ಉತ್ತರ ಕೊಡದೆ, ಕೊಡಲೆಂದು ಊರಿನಿಂದ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿಯನ್ನು ತೊಡೆಯ ಮೇಲೆ ಸರಿಸಿಕೊಂಡು, “ಹೇಳದೆ ಕೇಳದೆ ಮೇಲೆ ಹೋದರೆ ಏನಂದುಕೊಳ್ಳುತ್ತಾರೋ, ವಾಚ್‌ಮನ್ ಹತ್ತಿರ ಕೊಟ್ಟು ಬರೋಣ” ಎಂದಳು.